ಅಕ್ಕಿಯಲ್ಲಿ ಬರೆದ ಹೆಸರು

ಇಳಕಲ್ಲ,
ತಾ. 12-2-2006, ರವಿವಾರ

ನಮ್ಮ ಮನೆಯವರಿಗೆ,

ನಿಮ್ಮ ಹೆಂಡತಿಯ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎಂದು ಮುಂದುವರಿಸುವುದು ರೂಢಿ. ಈ ಸಲ ಅದನ್ನು ಬಿಟ್ಟಿದ್ದೇನೆ. ಬರೆಯಿರಿ ಎಂದರೆ ನೀವು ಬರೆದೇ ಬಿಡುತ್ತೀರಿ, ನನ್ನ ತಕರಾರು ಅದೇ. ದೀಪಾವಳಿಯಿಂದ ಈಚೆಗೆ ನಿಮ್ಮ ನಾಲ್ಕು ಕಾಗದ ಬಂದವು. ನಾಲ್ಕರಲ್ಲೂ ಹಿಮ ಬಿದ್ದಿದೆ. ನಾಲ್ಕರಲ್ಲೂ ನಿಮ್ಮ ಮಿಲಿಟರಿ ಲಂಗರಿನ ಚಪಾತಿ ಹಲ್ಲಿಗೆ ಬಗ್ಗುವುದಿಲ್ಲ. ಒಂದರಲ್ಲಂತೂ ನಿಮ್ಮ ಮೀಸೆಗೆ ಮಂಜು ಹಿಡಿದ ವರ್ಣನೆಯೇ ಅರ್ಧ ಪುಟ ಇದೆ. ನಾನು ಕೇಳಿದ ಒಂದೇ ಒಂದು ಮಾತಿಗೆ ಮಾತ್ರ ನಾಲ್ಕರಲ್ಲೂ ಉತ್ತರ ಇಲ್ಲ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಿಮ್ಮ ಫೋನು ಬರುವುದು ಶಿವಬಸವ್ವನ ಎಸ್‌ಟಿಡಿ ಅಂಗಡಿಗೆ, ಅದೂ ಐದು ನಿಮಿಷಕ್ಕೆ. ಅದರಲ್ಲಿ ಮೂರು ನಿಮಿಷ "ಹಲೋ, ಕೇಳಸ್ತೈತೇನು?" ಎನ್ನುವುದರಲ್ಲಿ ಹೋಗುತ್ತದೆ. ಉಳಿದ ಎರಡು ನಿಮಿಷ ಶಿವಬಸವ್ವ ಗಿರಾಕಿಗಳನ್ನೂ ಮರೆತು ನನ್ನ ಬಾಯನ್ನೇ ನೋಡುತ್ತಾ ಕೂತಿರುತ್ತಾಳೆ. ಗಂಡಹೆಂಡಿರ ದವಾಖಾನೆಯ ಮಾತನ್ನು ಅಲ್ಲಿ ಆಡಿದರೆ ಸಂಜೆಯೊಳಗೆ ಓಣಿಯ ಪ್ರತಿ ಮಗ್ಗದ ಮುಂದೆಯೂ ಅದೇ ಸುದ್ದಿ. ಅದಕ್ಕೇ ಕೆಲಸ ನಿಲ್ಲಿಸಿ ಈ ಕಾಗದ ಬರೆಯುತ್ತಿದ್ದೇನೆ. ನೀವೂ ಪಹರೆ ಮುಗಿಸಿ, ಒಂದು ಕಡೆ ಕೂತು, ಕೊನೆಯ ತನಕ ಓದಬೇಕು.

ನಿಮಗೆ ಗೊತ್ತಿದ್ದದ್ದನ್ನೇ ಮೊದಲಿನಿಂದ ಹೇಳುತ್ತೇನೆ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದಕ್ಕೆ ಸರಕಾರ ಏನಾದರೂ ಮೆಡಲು ಇಟ್ಟಿದ್ದರೆ ಅದು ಇಷ್ಟು ಹೊತ್ತಿಗೆ ನಿಮ್ಮ ಎದೆಯ ಮೇಲೆ ಇರುತ್ತಿತ್ತು.

ಏಳು ವರ್ಷದ ಹಿಂದೆ, ನಮ್ಮ ಮದುವೆಯ ದಿನ, ನಿಮ್ಮ ಅವ್ವ ತಾಟಿನಲ್ಲಿ ಅಕ್ಕಿ ಹರವಿ ನಿಮ್ಮ ಕೈಗೆ ಉಂಗುರ ಕೊಟ್ಟರು. ನೀವು ಆ ಅಕ್ಕಿಯಲ್ಲಿ ಉಂಗುರದಿಂದ 'ಮಹಾದೇವಿ' ಎಂದು ಬರೆದಿರಿ. ಅತ್ತೆಯವರ ಅತ್ತೆಯ ಹೆಸರು ಅದು. ಚೊಳಚಗುಡ್ಡದಿಂದ ಬಂದ ಸುಮಾ ಅಲ್ಲಿಗೆ ಮುಗಿದಳು. ನಾನೇನೂ ಎದುರಾಡಲಿಲ್ಲ. ನಮ್ಮವ್ವನಿಗೂ, ಅವಳ ಅವ್ವನಿಗೂ ಗಂಡನ ಮನೆಯಲ್ಲಿ ಬೇರೆ ಹೆಸರೇ ಇತ್ತು. ಆದರೆ ಅವರ ಗಂಡಂದಿರು ಯಾರೂ ಪಲ್ಟನ್ನಿನ ಕಾರಕೂನನ ಮುಂದೆ ನಿಂತು ಹೆಂಡತಿಯ ಹೆಸರು ಬರೆಸಲಿಲ್ಲ. ನೀವು ಬರೆಸಿದಿರಿ. ನನ್ನ ಮಾರ್ಕ್ಸ್ ಕಾರ್ಡು, ಜನ್ಮದಾಖಲೆ, ಮತದಾರರ ಚೀಟಿ, ಎಲ್ಲದರಲ್ಲೂ ನಾನು ಸುಮಾ. ಮಿಲಿಟರಿಯವರ ಪ್ರಕಾರ ನೀವು ಮದುವೆಯಾದದ್ದು ಮಹಾದೇವಿಯನ್ನು. ತಾಟಿನ ಅಕ್ಕಿಯನ್ನು ಮರುದಿನವೇ ಅನ್ನ ಮಾಡಿ ಉಂಡೆವು. ಹೆಸರು ಮಾತ್ರ ನಿಮ್ಮ ದಫ್ತರದಲ್ಲಿ ಉಳಿಯಿತು.

ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ತೊಂದರೆ ಶುರುವಾದದ್ದು ನಮಗೆ ಮಕ್ಕಳಾಗದೆ ನಾನು ದವಾಖಾನೆ ಹತ್ತಿದ ಮೇಲೆ.

ಬಾಗಲಕೋಟೆಯಲ್ಲಿ ಮೂವರು ಡಾಕ್ಟರು ನನ್ನನ್ನು ನೋಡಿದರು. ಒಬ್ಬರು ಹೊಟ್ಟೆಯೊಳಗೆ ಔಷಧ ಬಿಟ್ಟು ಫೋಟೋ ತೆಗೆದರು. ಆ ದಿನ ನೋವಿಗೆ ಹಲ್ಲು ಕಚ್ಚಿ ಕಚ್ಚಿ ಎರಡು ದಿನ ರೊಟ್ಟಿ ಅಗಿಯಲಾಗಲಿಲ್ಲ. ಮೂವರೂ ಹೇಳಿದ್ದು ಒಂದೇ, ನನ್ನಲ್ಲಿ ಏನೂ ದೋಷವಿಲ್ಲ, ಯಜಮಾನರನ್ನು ಕರೆತರಬೇಕು. ಯಜಮಾನರು ಹಿಮದಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳಲಾಗದೆ ಸುಮ್ಮನೆ ಬಂದೆ. ಮುಂದಿನ ಚಿಕಿತ್ಸೆ ಸೀರೆ ನೇಯ್ದ ದುಡ್ಡಿನಲ್ಲಿ ಆಗುವಂಥದ್ದಲ್ಲ ಎಂದು ಗೊತ್ತಾದ ಮೇಲೆ ಒಂದು ಸರಕಾರಿ ದವಾಖಾನೆಯಲ್ಲಿ ಪಾಳಿ ಹಚ್ಚಿದೆ. ಅಲ್ಲಿಯ ನರ್ಸಬಾಯಿ ನನ್ನ ಚೀಟಿ ನೋಡಿ, "ನೀವು ಮಿಲಿಟರಿ ಮಂದಿ ಅಲ್ಲೇನ್ರಿ? ನಿಮಗ ಎಲ್ಲಾ ಅಲ್ಲೇ ಪುಕ್ಕಟ ಆಕೈತಿ. ಇಲ್ಯಾಕ ಬಡವರ ಪಾಳಿ ತಿಂತೀರಿ?" ಎಂದು ಎಲ್ಲರೆದುರಿಗೆ ಕೇಳಿದಳು. ನನಗೆ ನಾಚಿಕೆಯಾಯಿತು. ಅಕ್ಟೋಬರಿನಲ್ಲಿ ಬಸ್ಸು ಹತ್ತಿ ಬೆಳಗಾವಿಯ ಮಿಲಿಟರಿ ದವಾಖಾನೆಗೆ ಹೋದೆ.

ಅಲ್ಲಿ ಕಾರಕೂನರಾಗಿ ಇಬ್ರಾಹಿಂಸಾಬ ಅಂತ ಇದ್ದಾರೆ. ಹುನಗುಂದದವರು. ಹಿಂದಿಯಲ್ಲಿ ತಡವರಿಸುತ್ತಿದ್ದ ನನ್ನನ್ನು ನೋಡಿ, "ಯಾವೂರವ್ವಾ?" ಎಂದು ಕೇಳಿದಾಗ ನನಗೆ ಅಳುವೇ ಬಂತು. ಕೂರಿಸಿ ಎಲ್ಲ ತಿಳಿಸಿದರು. ಸಿಪಾಯಿಯ ಹೆಂಡತಿಯ ಹೆರಿಗೆಗಷ್ಟೇ ಅಲ್ಲ, ಮಕ್ಕಳಾಗುವ ಚಿಕಿತ್ಸೆಗೂ ಇಲ್ಲಿಂದ ದೊಡ್ಡ ದವಾಖಾನೆಗೆ ಚೀಟಿ ಬರೆದು ಕಳಿಸುತ್ತಾರಂತೆ, ಖರ್ಚು ಸರಕಾರದ್ದೇ ಅಂತೆ. ನನ್ನ ಮುಖ ಅರಳಿರಬೇಕು. ಆಮೇಲೆ ಅವರು ನನ್ನ ಕಾಗದಗಳನ್ನು ತಿರುವಿ ಹಾಕಿ ಕನ್ನಡಕ ತೆಗೆದರು.

"ಆದರ ಸಿಪಾಯಿ ಹೆಂಡ್ತಿ ಅಂತ ಕಾರ್ಡ್ ಬೇಕವ್ವಾ. ನಿನ್ನ ಗಂಡ ಮಹಾದೇವಿ ಅಂತ ಬರಸ್ಯಾನ. ನೀ ನೋಡಿದರ ಸುಮಾ. ಹಂಗಾರ ಮಹಾದೇವಿ ಎಲ್ಲ್ಯದಾಳ?"

ನಾನೂ ಅವಳನ್ನೇ ಏಳು ವರ್ಷದಿಂದ ಹುಡುಕುತ್ತಿದ್ದೇನೆ ಎನ್ನಬೇಕೆನಿಸಿತು.

ದಾರಿಯನ್ನೂ ಅವರೇ ಹೇಳಿಕೊಟ್ಟರು. ಇಬ್ಬರೂ ಒಬ್ಬಳೇ ಎಂದು ಗಂಡನ ಮನೆಯ ಹಿರಿಯರು ಒಪ್ಪಿ ಒಂದು ಅಫಿಡವಿಟ್ಟು ಮಾಡಿಕೊಡಬೇಕು. ಹೆಸರು ತಿದ್ದಿರಿ ಎಂದು ಗಂಡ ತನ್ನ ಯುನಿಟ್ಟಿನಲ್ಲಿ ಒಂದು ಅರ್ಜಿ ಕೊಡಬೇಕು. ಎರಡೇ ಕಾಗದ.

ಮೊದಲನೆಯದನ್ನು ಹುನಗುಂದದ ವಕೀಲರ ಹತ್ತಿರ ಬರೆಸಿಕೊಂಡು ಬಂದೆ. ನಿಮ್ಮ ಅವ್ವ ಅದನ್ನು ಮುಟ್ಟಲೂ ಇಲ್ಲ. "ನಮ್ಮತ್ತಿ ಹೆಸರ ಹೊಡದ ಹಾಕಾಕ ನಾ ಹೆಬ್ಬಟ್ಟ ಒತ್ತಾಂಗಿಲ್ಲ. ಹೆಸರ ಹೋತಂದ್ರ ಆಕಿ ಸಿಟ್ಟ ಆಗ್ತಾಳ. ಮೊದಲ ಮನ್ಯಾಗ ತೊಟ್ಲ ಕಟ್ಟಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ತೊಟ್ಟಿಲು ಕಟ್ಟುವುದಕ್ಕೇ ಇದು ಬೇಕು ಎಂದರೆ ಕೇಳಿಸಿಕೊಳ್ಳುವವರು ಯಾರು? ಆ ಕಾಗದ ಇನ್ನೂ ಟ್ರಂಕಿನಲ್ಲಿ, ನನ್ನ ಮದುವೆ ಸೀರೆಯ ಕೆಳಗೆ ಬಿದ್ದಿದೆ.

ಎರಡನೆಯದು ನಿಮ್ಮ ಕೆಲಸ. ಅದಕ್ಕಾಗಿ ನಿಮಗೆ ಐದು ಕಾಗದ ಬರೆದೆ. ಅರ್ಜಿ ಹೇಗಿರಬೇಕು ಎಂದು ಇಬ್ರಾಹಿಂಸಾಬರು ಬರೆದುಕೊಟ್ಟ ನಮೂನೆಯನ್ನೂ ಎರಡು ಸಲ ಕಳಿಸಿದೆ. ಬರೀ ಸಹಿ ಮಾಡಿ ನಿಮ್ಮ ಸಾಹೇಬರ ಮುಂದೆ ಇಡುವುದಿತ್ತು. ನೀವು ಹಿಮದ ವಿಷಯ ಬರೆದಿರಿ.

ನಿಮ್ಮದು ಆಲಸ್ಯ ಎಂದುಕೊಂಡಿದ್ದೆ. ಊರಿಗೆ ಬಂದಾಗ ಕೆಟ್ಟ ನಲ್ಲಿಯನ್ನೂ ನಾಳೆ ನೋಡೋಣ ಎಂದು ಮುಂದೂಡುವವರು, ಇದೂ ಹಾಗೇ ಎಂದುಕೊಂಡೆ. ಹಾಗೆಂದುಕೊಂಡು ಸಿಟ್ಟಾಗುವುದರಲ್ಲಿ ಒಂದು ಸಮಾಧಾನವೂ ಇತ್ತು. ಈಗ ಅದೂ ಇಲ್ಲ. ಯಾಕೆ ಎಂದು ಹೇಳುತ್ತೇನೆ.

ಜನವರಿ ಇಪ್ಪತ್ಮೂರಕ್ಕೆ ಮತ್ತೆ ಬೆಳಗಾವಿಗೆ ಹೋಗಿದ್ದೆ. ಈ ಸಲ ಅತ್ತೆಯವರೂ ಬಂದರು. ಗಂಡಸರ ದವಾಖಾನೆಗೆ ಸೊಸೆ ಮೇಲಿಂದ ಮೇಲೆ ಒಬ್ಬಳೇ ಹೋಗಬಾರದು ಎಂಬುದು ಅವರ ವಾದ. ಅಲ್ಲಿಯ ಲೇಡಿ ಡಾಕ್ಟರು ಮೇಜರ್ ಅಂತೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹೆಸರಿನ ರಗಳೆ ಆಮೇಲೆ ನೋಡೋಣ, ಮೊದಲು ನಿನ್ನನ್ನು ನೋಡುತ್ತೇನೆ ಎಂದರು. ನನ್ನ ಬಾಗಲಕೋಟೆಯ ಕಾಗದಗಳನ್ನೆಲ್ಲ ಓದಿ, ಇನ್ನು ಗಂಡನ ತಪಾಸಣೆ ಒಂದು ಆಗಬೇಕು, ಅವರದು ಹಳೆಯ ದಾಖಲೆ ಏನಾದರೂ ಇದೆಯೋ ನೋಡಿ ಎಂದು ಇಬ್ರಾಹಿಂಸಾಬರಿಗೆ ಹೇಳಿದರು. ಅವರು ನಿಮ್ಮ ನಂಬರು ಬರೆದುಕೊಂಡು ಹೆಸರು ಕೇಳಿದರು. ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಗೆ ಹೇಳುವುದು ಎಂದು ನಾನು ಸೆರಗು ತಿರುವುತ್ತಿದ್ದೆ. ಬಾಗಿಲ ಹೊರಗಿನ ಬಾಕಿನ ಮೇಲೆ ಕೂತಿದ್ದ ಅತ್ತೆಯವರು ಅಲ್ಲಿಂದಲೇ, "ಹುಚ್ಚೇಶ! ನನ್ನ ಮಗ ಹುಚ್ಚೇಶ!" ಎಂದು ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇಬ್ರಾಹಿಂಸಾಬರು ಒಂದು ಹಳೆಯ ಫೈಲು ಹಿಡಿದು ಬಂದರು. "ಇವರದು ತಪಾಸಣಿ ಆಗೇತಲ್ಲವ್ವಾ. ಎರಡ ಸಾವಿರದ ನಾಲ್ಕು, ಆಗಸ್ಟ್ ತಿಂಗಳ. ಮತ್ಯಾಕ ಮಾಡಸ್ತೀರಿ?"

ಅದು ಬೇರೆ ಯಾರದೋ ಇರಬೇಕು ಎಂದೆ. ಅವರು ನಂಬರು ತೋರಿಸಿದರು. ಕೆಳಗೆ ನಿಮ್ಮ ಸಹಿ ಇತ್ತು. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು ಇಡೀ ಹೆಸರಿಗೆ ಗೆರೆ ಹೊಡೆಯುವ ಆ ಸಹಿ ನಿಮ್ಮ ಹೊರತು ಇನ್ಯಾರದು? ಡಾಕ್ಟರು ಓದಿ ನಿಧಾನವಾಗಿ ಹಿಂದಿಯಲ್ಲಿ ಹೇಳಿದರು. ನಾನು ಹಿಂದಿ ಗೊತ್ತಾಗದವಳ ಹಾಗೆ ಇಬ್ರಾಹಿಂಸಾಬರ ಕಡೆ ನೋಡಿದೆ. ಅವರು ಪಾಪ, ನೆಲ ನೋಡುತ್ತಾ ಕನ್ನಡದಲ್ಲಿ ಹೇಳಿದರು. ಕೊರತೆ ಇರುವುದು ಯಜಮಾನರಲ್ಲಿ. ಅದಕ್ಕೆ ಔಷಧ ಇದೆ, ಔಷಧಕ್ಕೆ ಆಗದಿದ್ದರೆ ಬೇರೆ ಉಪಾಯವೂ ಇದೆ. ಮೂರು ತಿಂಗಳು ಬಿಟ್ಟು ಬನ್ನಿ ಎಂದು ಆಗಲೇ ಬರೆದಿದ್ದರು. ಯಜಮಾನರು ಮತ್ತೆ ಬರಲಿಲ್ಲ.

ಆ ಆಗಸ್ಟು ನನಗೆ ಚೆನ್ನಾಗಿ ನೆನಪಿದೆ. ನೀವು ಬೆಳಗಾವಿಗೆ ಆರು ತಿಂಗಳ ಕೋರ್ಸಿಗೆ ಬಂದಿದ್ದಿರಿ. ಜ್ವರ ಬಂದಿದೆ, ದವಾಖಾನೆಗೆ ಹೋಗಿದ್ದೆ ಎಂದು ಫೋನು ಮಾಡಿದಿರಿ. ನಾನು ಗಾಬರಿಯಾಗಿ ಶೇಂಗಾ ಹೋಳಿಗೆ ಮಾಡಿ ನಮ್ಮೂರಿನವರ ಕೈಯಲ್ಲಿ ಕಳಿಸಿದೆ. ಅದನ್ನು ತಿಂದಿರಲ್ಲ? ತಿಂದು, ಭಾಳ ಚಲೋ ಇತ್ತು ಎಂದು ಬರೆದಿದ್ದಿರಿ.

ಈಗ ಎಲ್ಲ ಗೊತ್ತಾಗುತ್ತದೆ. ಹೆಸರು ತಿದ್ದಿದರೆ ನನಗೆ ಕಾರ್ಡು ಸಿಗುತ್ತದೆ. ಕಾರ್ಡು ಸಿಕ್ಕರೆ ನನ್ನ ಫೈಲು ತೆರೆಯುತ್ತದೆ. ನನ್ನದು ತೆರೆದರೆ ನಿಮ್ಮದೂ ತೆರೆಯುತ್ತದೆ. ನೀವು ಮಹಾದೇವಿಯ ಬೆನ್ನ ಹಿಂದೆ ಅಡಗಿ ಕೂತಿದ್ದಿರಿ. ನಿಮ್ಮ ಪಲ್ಟನ್ನಿನವನೇ ಆದ ಬಾದಾಮಿಯ ಪ್ರಭುಲಿಂಗ ಡಿಸೆಂಬರಿನಲ್ಲಿ ರಜೆಗೆ ಬಂದವನು ನಮ್ಮ ಮನೆಗೂ ಬಂದಿದ್ದ. "ವೈನಿ, ಇದು ನಿಮ್ಮ ಮನಿಯವರ ಪಾಳಿ ರಜಾ. ನನಗ ಬಿಟ್ಟಕೊಟ್ಟ. ಅವನ ಮನಸ ಭಾಳ ದೊಡ್ಡದು" ಎಂದು ಹೊಗಳಿದ. ನಾನೂ ಹೌದೌದು ಎನ್ನುತ್ತಾ ಅವನಿಗೆ ಎರಡನೆಯ ಸಲ ಚಹಾ ಕೊಟ್ಟೆ.

ಈಗ ನನ್ನ ಮಾತು. ನಿಮ್ಮಲ್ಲಿ ಕೊರತೆ ಇದೆ ಎಂದು ಕೇಳಿದಾಗ ಮೊದಲು ಸಿಟ್ಟು ಬರಲಿಲ್ಲ. ಅಯ್ಯೋ, ಇವರು ಇದನ್ನು ಒಬ್ಬರೇ ಇಟ್ಟುಕೊಂಡು ಅಷ್ಟು ದೂರ ಹೇಗಿದ್ದಾರೆ ಎನಿಸಿತು. ಬಸ್ಸು ಲೋಕಾಪುರ ದಾಟುವ ಹೊತ್ತಿಗೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ. ನೀವು ಆ ಕಾಗದಕ್ಕೆ ಸಹಿ ಮಾಡಿದ ಮೇಲೆಯೂ ನಾನು ಹಲ್ಲು ಕಚ್ಚಿಕೊಂಡು ಆ ಫೋಟೋ ತೆಗೆಸಿಕೊಂಡೆ. ಆಮೇಲೆಯೇ ಇಪ್ಪತ್ತೊಂದು ಶುಕ್ರವಾರ ಉಪವಾಸ ಬನಶಂಕರಿಗೆ ಹೋದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಗರ್ಭ ತಂಪು ಹಿಡಿದಿದೆ ಎಂದು ಓಣಿಯವರು ಅಂದಾಗ ಎರಡು ತಿಂಗಳು ಮಗ್ಗ ಬಿಟ್ಟು ಬರೀ ನೂಲು ಸುತ್ತಿದೆ. ಬಂಜಿ ಎಂಬ ಮಾತನ್ನು ಎಷ್ಟು ಸಲ ಕೇಳಿದೆ ಎಂದು ನಿಮಗೆ ಬರೆಯಲಿಲ್ಲ, ಅಲ್ಲಿ ನೀವು ನೊಂದುಕೊಳ್ಳಬಾರದು ಎಂದು. ನೀವು ನನ್ನ ಬಗ್ಗೆ ಒಂದು ಸಲ ಹಾಗೆ ಯೋಚಿಸಿದ್ದರೆ ಸಾಕಿತ್ತು. ಎಲ್ಲರಿಗೂ ಹೇಳುವುದು ಬೇಡ, ನನ್ನ ಕಿವಿಯಲ್ಲಿ ಹೇಳಬಹುದಿತ್ತು. ಗಡಿಯಲ್ಲಿ ಗುಂಡಿಗೆ ಎದೆ ಕೊಡುವ ಮನುಷ್ಯನಿಗೆ ಹೆಂಡತಿಯ ಎದುರು ಒಂದು ಮಾತು ಹೇಳಲು ಇಷ್ಟು ಅಂಜಿಕೆಯೇ?

ಇಷ್ಟು ಸಾಲದು ಎಂಬಂತೆ ಅತ್ತೆಯವರೂ ಈಗೀಗ ವಿಚಿತ್ರವಾಗಿದ್ದಾರೆ. ನನ್ನ ಮೇಲೆ ರೇಗುವುದನ್ನೇ ಬಿಟ್ಟಿದ್ದಾರೆ, ಅದೊಂದು ಬೇರೆ ತಲೆನೋವು. ಆ ದಿನ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಶುಕ್ರವಾರ ನಸುಕಿನಲ್ಲಿ ಬನಶಂಕರಿಗೆಂದು ನನ್ನನ್ನು ಎಬ್ಬಿಸಲಿಲ್ಲ. ಹೋದ ಗುರುವಾರ ನಿಮ್ಮ ತಂಗಿ ಪ್ರೀತಿಯ ಕುಬಸ ಆಯಿತು. ಅವಳಿಗೆ ಉಡಿಸಿದ ಹಸಿರು ಸೀರೆಯನ್ನು ನಾನೇ ನೇಯ್ದದ್ದು. ಸೆರಗಿನ ಎಳೆಗೂ ಒಡಲಿನ ಎಳೆಗೂ ಕೊಂಡಿ ಹಾಕುವಾಗ ಒಂದೊಂದು ಎಳೆಗೂ ನಿಮ್ಮನ್ನು ಬೈದಿದ್ದೇನೆ, ಆದರೂ ಸೀರೆ ಚೆನ್ನಾಗಿ ಬಂತು. ಬಸುರಿಗೆ ಉಡಿ ತುಂಬುವಾಗ ನಾನು ರೂಢಿಯಂತೆ ಅಡುಗೆಮನೆಯಲ್ಲಿ ನಿಂತಿದ್ದೆ. ಮಕ್ಕಳಿಲ್ಲದವಳ ಕೈ ಮುಟ್ಟಬಾರದು ಎಂದು ನಿಮ್ಮ ಹುಚ್ಚವ್ವ ಚಿಗವ್ವ ಪ್ರತಿ ಸಲ ನೆನಪು ಮಾಡುತ್ತಾಳಲ್ಲ. ಅತ್ತೆಯವರು ಒಳಗೆ ಬಂದು ನನ್ನ ರಟ್ಟೆ ಹಿಡಿದು ಕರೆದುಕೊಂಡು ಹೋಗಿ, "ಮೊದಲ ಇಕಿ ತುಂಬಲಿ" ಎಂದರು. ಹುಚ್ಚವ್ವ ಚಿಗವ್ವ ಬಾಯಿ ತೆಗೆದಳು. "ನೀ ಸುಮ್ಕ ಕುಂದ್ರು" ಎಂದರು ಅತ್ತೆಯವರು. ನಾನು ತುಂಬಿದೆ, ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಏಳು ವರ್ಷ ಇಲ್ಲದ ಅಕ್ಕರೆ ಈಗೆಲ್ಲಿಂದ ಬಂತು ಎಂದು ನನಗೆ ಅರ್ಥವಾಗಿಲ್ಲ. ವಯಸ್ಸಾಯಿತು, ಇರಬೇಕು.

ಒಂದು ಮಾತಿಗೆ ನಿಶ್ಚಿಂತೆಯಿಂದಿರಿ. ಆ ಫೈಲಿನ ವಿಷಯ ಅತ್ತೆಯವರಿಗೆ ನಾನು ಹೇಳಿಲ್ಲ. ಡಾಕ್ಟರು ಏನಂದರು ಎಂದು ಕೇಳಿದ್ದಕ್ಕೆ, ಹೆಸರು ಸರಿಯಾಗಬೇಕಂತೆ ಎಂದಷ್ಟೇ ಹೇಳಿದೆ. ಮುಂದೆಯೂ ಹೇಳುವುದಿಲ್ಲ. ಬಂಜಿ ಎನ್ನಿಸಿಕೊಂಡು ನನಗೆ ಅಭ್ಯಾಸವಾಗಿದೆ, ನಿಮಗೆ ಆಗಿಲ್ಲ.

ಆದರೆ ನನ್ನ ಕರಾರು ಕೇಳಿ. ಇದರ ಜೊತೆ ಮೂರನೆಯ ಸಲ ಅರ್ಜಿಯ ನಮೂನೆ ಇಟ್ಟಿದ್ದೇನೆ. ಸಹಿ ಮಾಡಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ಕಾಣಲಿಲ್ಲ ಎನ್ನುವ ಹಾಗಿಲ್ಲ. ಮೇಜರ್ ಮೇಡಂ ಏಪ್ರಿಲಿನಲ್ಲಿ ವರ್ಗವಾಗಿ ಹೋಗುತ್ತಾರೆ. ಮಾರ್ಚ್ ಇಪ್ಪತ್ತರೊಳಗೆ ಇಬ್ಬರೂ ಬಂದರೆ ತಮ್ಮ ಕೈಯಿಂದಲೇ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಡುತ್ತೇನೆ ಎಂದಿದ್ದಾರೆ. ಅವರು ಹೋದ ಮೇಲೆ ಹೊಸಬರ ಮುಂದೆ ಮತ್ತೆ ಮಹಾದೇವಿ ಯಾರು, ಸುಮಾ ಯಾರು ಎಂದು ಮೊದಲಿನಿಂದ ಹೇಳುವ ಶಕ್ತಿ ನನಗಿಲ್ಲ. ರಜೆ ತೆಗೆದುಕೊಳ್ಳಿ. ಈ ಸಲ ಯಾರಿಗೂ ಬಿಟ್ಟುಕೊಡಬೇಡಿ.

ಔಷಧ ಹತ್ತದಿದ್ದರೆ, ಮಗು ಆಗದೇ ಹೋದರೆ, ಹೋಗಲಿ. ಇಬ್ಬರೂ ಕೂಡಿ ಅತ್ತು ಸುಮ್ಮನಾಗೋಣ. ಅದನ್ನು ನಾನು ತಡೆದೇನು. ನೀವು ಬರದೇ ಹೋದರೆ ಮಾತ್ರ ತಡೆಯಲಾರೆ. ಮಾರ್ಚ್ ಇಪ್ಪತ್ತೊಂದಕ್ಕೆ ನಾನು ಚೊಳಚಗುಡ್ಡದ ಬಸ್ಸು ಹತ್ತುತ್ತೇನೆ. ಅಲ್ಲಿ ನಮ್ಮವ್ವ ಮುತ್ತವ್ವ ಇದ್ದಾಳೆ, ಅವಳಿಗೆ ನಾನು ಯಾರು ಎಂದು ಕಾಗದ ತೋರಿಸುವ ಅಗತ್ಯ ಬೀಳುವುದಿಲ್ಲ. ಇದು ಬೆದರಿಕೆ ಎಂದು ತಿಳಿದರೆ ಹಾಗೇ ತಿಳಿಯಿರಿ. ಬರೆಯುವಾಗ ನನ್ನ ಕಣ್ಣು ಒಣಗಿಲ್ಲ ಎಂಬುದನ್ನೂ ತಿಳಿಯಿರಿ.

ಮೀಸೆಗೆ ಎಣ್ಣೆ ಹಚ್ಚಿಕೊಳ್ಳಿ, ಮಂಜು ಹಿಡಿಯುವುದಿಲ್ಲವಂತೆ.

ಇಂತಿ,
ನಿಮ್ಮ ದಫ್ತರದಲ್ಲಿ ಮಹಾದೇವಿ,
ನಿಮಗೆ ಬೇಕಿದ್ದರೆ
ಸುಮಾ

ತಾ.ಕ.: ಲಕೋಟೆ ಅಂಟಿಸಲು ಅನ್ನದ ಅಗಳು ತರೋಣವೆಂದು ಒಳಗೆ ಹೋದೆ. ಅತ್ತೆಯವರು ರಾಟಿ ನಿಲ್ಲಿಸಿ, ಏನೇನು ಬರೆದೆ ಎಂದು ಕೇಳಿದರು. ಕ್ಷೇಮ ಸಮಾಚಾರ ಎಂದೆ. "ಆ ಸಾಬ ಹುನಗುಂದದಾಂವ. ನಮ್ಮ ಮಾತಿನ್ಯಾಗ ಹೇಳ್ದ. ಬಾಕಿನ ಮ್ಯಾಲೆ ಕುಂತಾಕಿಗೆ ಕಿವಿ ಇದ್ದಿಲ್ಲೇನು?" ಎಂದರು. ಇಪ್ಪತ್ತು ದಿನದಿಂದ ಅವರಿಗೆ ಎಲ್ಲ ಗೊತ್ತಿದೆ. ನಾನು ಅವರಿಂದ ಮುಚ್ಚಿಡುತ್ತಿದ್ದೆ, ಅವರು ನನ್ನಿಂದ. ಆಮೇಲೆ ಅವರೇ ಟ್ರಂಕು ತೆಗೆದು ವಕೀಲರ ಕಾಗದ ಹೊರಗೆ ತಂದರು, ನನ್ನ ಪೆನ್ನಿನ ಶಾಯಿಯನ್ನು ಬೆರಳಿಗೆ ಬಳಿದುಕೊಂಡು ಅದಕ್ಕೆ ಹೆಬ್ಬೆಟ್ಟು ಒತ್ತಿದರು. ನಿಮಗೆ ಹೀಗೆ ಬರೆ ಅಂದರು: "ಅವ್ವ ಬೈಯಂಗಿಲ್ಲ, ಬಾ." ನಾನೇ ಹೇಳಿದ್ದು ಎಂದು ಅವನಿಗೆ ಹೇಗೆ ಗೊತ್ತಾಗಬೇಕು ಎಂದು ಈ ಕಾಗದಕ್ಕೂ ಒಂದು ಒತ್ತಿದ್ದಾರೆ. ಕೆಳಗಿನ ಗುರುತು ಅವರದೇ. ಸ್ವಲ್ಪ ಕಲಸಿದೆ, ತಪ್ಪು ನನ್ನದು. "ಕಾಗದ ಗಟ್ಟಿ ಹಿಡಿ, ಸುಮಾ" ಎಂದುಬಿಟ್ಟರು, ನನ್ನ ಕೈ ಅಲುಗಿತು.